ಡೆತ್ ವ್ಯಾಲಿಗೆ ಎರಡು ರಾತ್ರಿ: ಗೋಲ್ಡನ್ ಕ್ಯಾನಿಯನ್ ನಡಿಗೆ ಬಗ್ಗೆ ಸಲಹೆ ಬೇಕು

ಹೊಸದಾರಿ · ಅಕ್ಟೋಬರ್ 9

ಎಲ್ಲರಿಗೂ ನಮಸ್ಕಾರ. ನವೆಂಬರ್ ಮಧ್ಯದಲ್ಲಿ ನಾವು ನಾಲ್ಕು ಜನ ಅಮೆರಿಕದ ಕ್ಯಾಲಿಫೋರ್ನಿಯಾ ಕಡೆಯ ಮರುಭೂಮಿ ಪಾರ್ಕ್ ಡೆತ್ ವ್ಯಾಲಿಗೆ ಹೊರಟಿದ್ದೇವೆ. ನಾನು, ನನ್ನ ಗಂಡ, 11 ವರ್ಷದ ಮಗ, ಜೊತೆಗೆ ನಮ್ಮ ಅತ್ತೆ. ಅತ್ತೆಗೆ 66. ದಿನಾ ಒಂದು ಗಂಟೆ ನಡೆಯುತ್ತಾರೆ, ಆದರೆ ಇಳಿಜಾರು ಬಂದರೆ ಮಂಡಿ ಹಿಡಿದುಕೊಳ್ಳುತ್ತದೆ. ಲಾಸ್ ವೇಗಸ್‌ಗೆ ವಿಮಾನದಲ್ಲಿ ಬಂದು ಅಲ್ಲಿಂದ ಬಾಡಿಗೆ ಕಾರು. ಪಾರ್ಕಿನ ಒಳಗೇ ಇರುವ ಫರ್ನೇಸ್ ಕ್ರೀಕ್‌ನಲ್ಲಿ ಎರಡು ರಾತ್ರಿಗೆ ರೂಮ್ ಸಿಕ್ಕಿದೆ.

ಮೊದಲ ದಿನ ಮಧ್ಯಾಹ್ನ ತಲುಪುತ್ತೇವೆ. ನಡುವೆ ಒಂದು ಪೂರ್ತಿ ದಿನ. ಮೂರನೇ ದಿನ ಮಧ್ಯಾಹ್ನ ಹೊರಡಬೇಕು. ಅಷ್ಟರಲ್ಲಿ ನೋಡಬೇಕು ಅಂದುಕೊಂಡಿರುವುದು ಇವು: ಜಬ್ರಿಸ್ಕಿ ಪಾಯಿಂಟ್‌ನಲ್ಲಿ ಸೂರ್ಯೋದಯ, ಗೋಲ್ಡನ್ ಕ್ಯಾನಿಯನ್ ನಡಿಗೆ, ಬ್ಯಾಡ್‌ವಾಟರ್ ಉಪ್ಪಿನ ಬಯಲು, ಬಣ್ಣಬಣ್ಣದ ಗುಡ್ಡಗಳ ಆರ್ಟಿಸ್ಟ್ಸ್ ಪ್ಯಾಲೆಟ್, ಎತ್ತರದಿಂದ ಕಣಿವೆ ನೋಡುವ ಡಾಂಟೆಸ್ ವ್ಯೂ, ಮೆಸ್ಕೀಟ್ ಮರಳುದಿಬ್ಬಗಳು, ಯೂಬಿಹೀಬಿ ಜ್ವಾಲಾಮುಖಿ ಕುಳಿ, ಕಲ್ಲುಗಳು ತಾವೇ ಜಾರುವ ರೇಸ್‌ಟ್ರ್ಯಾಕ್, ಆಮೇಲೆ ಸ್ಕಾಟೀಸ್ ಕ್ಯಾಸಲ್ ಅನ್ನುವ ಹಳೇ ಬಂಗಲೆ.

ಇಷ್ಟೂ ಆಗುತ್ತದಾ? ನಿಜ ಹೇಳಬೇಕೆಂದರೆ ನನಗೆ ಎಲ್ಲಕ್ಕಿಂತ ಆಸೆ ಇರುವುದು ಆ ನಡಿಗೆ ಮೇಲೆ. ಮರುಭೂಮಿಯಲ್ಲಿ ಇದುವರೆಗೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ನೀರು ಎಷ್ಟು ಬೇಕು, ಎಷ್ಟು ಹೊತ್ತಿಗೆ ಶುರು ಮಾಡಬೇಕು, ಅತ್ತೆಯನ್ನು ಕರೆದುಕೊಂಡು ಹೋಗಬಹುದಾ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಒಣಹಳ್ಳ · ಅಕ್ಟೋಬರ್ 9

ನಮಸ್ಕಾರ. ನಾನು ಅಲ್ಲಿಗೆ ಎಂಟು ಸಲ ಹೋಗಿದ್ದೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ನಿಮ್ಮ ಪಟ್ಟಿ ಐದು ದಿನದ್ದು.

ಸ್ಕಾಟೀಸ್ ಕ್ಯಾಸಲ್ ತೆಗೆದುಬಿಡಿ. 2015ರ ಪ್ರವಾಹದಲ್ಲಿ ಹಾಳಾದ ಮೇಲೆ ಅಲ್ಲಿಗೆ ಮಾಮೂಲಿಯಾಗಿ ಯಾರನ್ನೂ ಬಿಡುತ್ತಿಲ್ಲ. ರೇಸ್‌ಟ್ರ್ಯಾಕ್ ಕೂಡ ಬೇಡ. ಫರ್ನೇಸ್ ಕ್ರೀಕ್‌ನಿಂದ ಹೋಗುವುದಕ್ಕೇ ಮೂರೂವರೆ ಗಂಟೆ ಬೇಕು, ಕೊನೆಯ 43 ಕಿ.ಮೀ. ಚೂಪು ಕಲ್ಲಿನ ಮಣ್ಣುದಾರಿ. ಮಾಮೂಲಿ ಬಾಡಿಗೆ ಕಾರಿನ ಟೈರ್ ಅಲ್ಲಿ ತಡೆಯುವುದಿಲ್ಲ. ಪಂಕ್ಚರ್ ಆದರೆ ಫೋನ್ ಮಾಡೋಣ ಅಂದರೆ ಸಿಗ್ನಲ್ಲೂ ಇರುವುದಿಲ್ಲ. ಯೂಬಿಹೀಬಿ ಅದೇ ಉತ್ತರದ ಕಡೆ, ಅದಕ್ಕೊಂದೇ ಅರ್ಧ ದಿನ ಹೋಗುತ್ತದೆ.

ಉಳಿದದ್ದೆಲ್ಲ ಫರ್ನೇಸ್ ಕ್ರೀಕ್ ಸುತ್ತಮುತ್ತಲೇ ಇದೆ. ಬ್ಯಾಡ್‌ವಾಟರ್ 27 ಕಿ.ಮೀ., ಜಬ್ರಿಸ್ಕಿ 8 ಕಿ.ಮೀ., ಡಾಂಟೆಸ್ ವ್ಯೂ 40 ಕಿ.ಮೀ. ಗೋಲ್ಡನ್ ಕ್ಯಾನಿಯನ್ ಅಂತೂ ಕೈಗೆಟಕುವಷ್ಟು ಹತ್ತಿರ. 190ನೇ ಹೆದ್ದಾರಿಯಿಂದ ಬ್ಯಾಡ್‌ವಾಟರ್ ರಸ್ತೆಗೆ ತಿರುಗಿ 3 ಕಿ.ಮೀ. ಹೋದರೆ ಎಡಗಡೆ ಪಾರ್ಕಿಂಗ್.

ನಡುವಿನ ದಿನದ ಇಡೀ ಬೆಳಿಗ್ಗೆಯನ್ನು ಆ ನಡಿಗೆಗೇ ಕೊಡಿ. ಇದು ನನ್ನ ಒಂದೇ ಬೇಡಿಕೆ. ಕಾರಿನಿಂದ ಇಳಿದು ಫೋಟೋ ತೆಗೆದು ಮತ್ತೆ ಕಾರು ಹತ್ತಿದರೆ ಮರುಭೂಮಿ ಕಣ್ಣಿಗೆ ಬೀಳುತ್ತದೆ ಅಷ್ಟೇ. ಅದರ ಪರಿಚಯ ಆಗಬೇಕಾದರೆ ಮೂರು ಗಂಟೆಯಾದರೂ ಅದರ ಒಳಗೆ ನಡೆಯಬೇಕು.

ಸಂಜೆಗೆಂಪು · ಅಕ್ಟೋಬರ್ 9

ಜಬ್ರಿಸ್ಕಿ ಸೂರ್ಯೋದಯ ಮಾತ್ರ ಬಿಡಬೇಡಿ! ನವೆಂಬರ್ ಮಧ್ಯದಲ್ಲಿ ಆರೂಕಾಲಿಗೆ ಅಲ್ಲಿರಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಹುಟ್ಟುತ್ತಾನೆ. ಮೊದಲ ಬೆಳಕು ಬೀಳುವುದು ಎದುರಿನ ಪ್ಯಾನಮಿಂಟ್ ಬೆಟ್ಟಗಳ ನೆತ್ತಿಗೆ. ಅಲ್ಲಿಂದ ನಿಧಾನಕ್ಕೆ ಕೆಳಗೆ ಇಳಿದು ಬರುತ್ತದೆ. ಜಾಸ್ತಿ ಜನ ಸೂರ್ಯ ಕಂಡ ತಕ್ಷಣ ಹೊರಟುಬಿಡುತ್ತಾರೆ. ನೀವು ಇನ್ನೂ ಇಪ್ಪತ್ತು ನಿಮಿಷ ನಿಲ್ಲಿ. ಹತ್ತಿರದ ಹಳದಿ ಗುಡ್ಡಗಳಿಗೆ ಬಣ್ಣ ಬರುವುದು ಆಗಲೇ. ಕಾರ್ ಪಾರ್ಕಿಂಗ್‌ನಿಂದ ಪುಟ್ಟ ಏರು, ದಾರಿಗೆ ಟಾರು ಹಾಕಿದ್ದಾರೆ, ನಿಮ್ಮ ಅತ್ತೆಗೆ ಕಷ್ಟ ಆಗುವುದಿಲ್ಲ. ದಪ್ಪ ಜಾಕೆಟ್ ಇರಲಿ, ಬೆಳಗಿನ ಗಾಳಿ ಚುಚ್ಚುತ್ತದೆ.

ನೂರುಮೈಲಿ · ಅಕ್ಟೋಬರ್ 10

ಜಬ್ರಿಸ್ಕಿಗೆ ಹೋಗಿಯೇ ಹೋಗುತ್ತೀರಿ ಅಂದಮೇಲೆ ಅಲ್ಲಿಂದಲೇ ನಡಿಗೆ ಶುರು ಮಾಡಿ. ಬ್ಯಾಡ್‌ಲ್ಯಾಂಡ್ಸ್ ಅನ್ನುವ ಕೊರಕಲು ಗುಡ್ಡಗಳು, ಗೋಲ್ಡನ್ ಕ್ಯಾನಿಯನ್, ಗವರ್ ಗಲ್ಚ್ ಹಳ್ಳ, ಮೂರನ್ನೂ ಸೇರಿಸಿದ ಪೂರ್ತಿ ಸುತ್ತು 12.6 ಕಿ.ಮೀ. ನಾನು ಮೂರೂವರೆ ಗಂಟೆಯಲ್ಲಿ ಮುಗಿಸಿದೆ. ಒಂದೇ ನಡಿಗೆಯಲ್ಲಿ ಎಲ್ಲ ನೋಡಿದ ಹಾಗೆ ಆಗುತ್ತದೆ.

ಒಣಹಳ್ಳ · ಅಕ್ಟೋಬರ್ 10

@ನೂರುಮೈಲಿ, ನಿಮ್ಮ ಕಾಲಿಗೆ ಅದು ಸರಿ. ಇವರಿಗೆ ಬೇಡ ಅನ್ನಿಸುತ್ತದೆ. ಜಬ್ರಿಸ್ಕಿಯಿಂದ ಹೊರಟರೆ ಮೊದಲು ಬರೀ ಇಳಿಜಾರು. ದಣಿದ ಮೇಲೆ, ಬಿಸಿಲೇರಿದ ಮೇಲೆ ವಾಪಸ್ ಹತ್ತಬೇಕು. ಮರುಭೂಮಿಯಲ್ಲಿ ಎಡವಟ್ಟಾಗುವುದು ಬಹುಪಾಲು ಹೀಗೇ. ಹೋಗುವಾಗ ಸಲೀಸು ಅನ್ನಿಸಿದ ದಾರಿ ಬರುವಾಗ ಉಸಿರು ಕಟ್ಟಿಸುತ್ತದೆ. ಮಂಡಿ ನೋವಿರುವವರಿಗೂ ಮೊದಲೇ ಇಳಿಜಾರು ಒಳ್ಳೆಯದಲ್ಲ.

ಕೆಳಗಿನ ಗೋಲ್ಡನ್ ಕ್ಯಾನಿಯನ್ ಬಾಯಿಂದ ಹೊರಟರೆ ಹತ್ತುವುದು ಮೊದಲು, ಇಳಿಯುವುದು ಆಮೇಲೆ. ಎಲ್ಲಿ ಸಾಕು ಅನ್ನಿಸುತ್ತದೋ ಅಲ್ಲೇ ತಿರುಗಿ ಬರಬಹುದು. ಶುರುವಿನಿಂದ 1.6 ಕಿ.ಮೀ.ಗೆ ದಾರಿ ಕವಲೊಡೆಯುತ್ತದೆ. ಅಲ್ಲಿಯವರೆಗೆ ಅಗಲವಾದ ಜಲ್ಲಿಕಲ್ಲಿನ ದಾರಿ, ಸಣ್ಣ ಏರು. ನೇರ ಹೋದರೆ ಇನ್ನು 800 ಮೀಟರ್‌ಗೆ ರೆಡ್ ಕತೀಡ್ರಲ್ ಅನ್ನುವ ಕೆಂಪು ಬಂಡೆಗೋಡೆ. ಅಲ್ಲಿ ಒಂದೆರಡು ಕಡೆ ಕೈಯೂರಿ ಕಲ್ಲು ಹತ್ತಬೇಕು. ಬಲಕ್ಕೆ ತಿರುಗಿದರೆ ಮ್ಯಾನ್ಲಿ ಬೀಕನ್ ಅನ್ನುವ ಚೂಪು ಶಿಖರದ ಬುಡದಲ್ಲಿ ಹಾದು, ಬ್ಯಾಡ್‌ಲ್ಯಾಂಡ್ಸ್ ದಾಟಿ ಗವರ್ ಗಲ್ಚ್‌ಗೆ ಇಳಿದು, ಗುಡ್ಡದ ಬುಡದಲ್ಲೇ ನಡೆದು ಕಾರಿಗೆ ವಾಪಸ್. ಈ ಸುತ್ತು ಒಟ್ಟು 6.9 ಕಿ.ಮೀ., ಏರು ಸುಮಾರು 250 ಮೀಟರ್.

ನಾಲ್ಕೂ ಜನ ಕವಲಿನವರೆಗೆ ಒಟ್ಟಿಗೆ ಹೋಗಿ. ಅಲ್ಲಿಂದ ಅತ್ತೆ ಮತ್ತು ಯಜಮಾನರು ನಿಧಾನಕ್ಕೆ ವಾಪಸ್ ಬರಲಿ. ನೀವು, ನಿಮ್ಮ ಮಗ ಸುತ್ತು ಮುಗಿಸಿ ಬನ್ನಿ. ಎಷ್ಟು ಹೊತ್ತಿಗೆ ಕಾರಿನ ಹತ್ತಿರ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಫೋನ್ ನಂಬಬೇಡಿ.

ಬೆಳ್ಳಕ್ಕಿ · ಅಕ್ಟೋಬರ್ 10

ನೀರಿನ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನಾವು ಪೆಟ್ಟು ತಿಂದಿದ್ದೇವೆ.

ನಾವು ಹೋಗಿದ್ದು ಮೇ ತಿಂಗಳಲ್ಲಿ. ಇದೇ ಸುತ್ತಿಗೆ ಹತ್ತೂವರೆಗೆ ಹೊರಟೆವು. ಇಬ್ಬರಿಗೆ ಸೇರಿ ಎರಡು ಲೀಟರ್ ನೀರು. ಬೆವರುತ್ತಲೇ ಇಲ್ಲವಲ್ಲ, ಅಷ್ಟೇನೂ ಸೆಕೆ ಇಲ್ಲ ಅಂದುಕೊಂಡೆವು. ಬೆವರು ಬರುತ್ತಲೇ ಇತ್ತು. ಗಾಳಿ ಅಷ್ಟು ಒಣಗಿರುವುದರಿಂದ ಚರ್ಮದ ಮೇಲೆ ಬಂದ ಕೂಡಲೇ ಆರಿಹೋಗುತ್ತಿತ್ತು, ನಮಗೆ ಗೊತ್ತಾಗಲಿಲ್ಲ ಅಷ್ಟೇ. ನನ್ನ ಗಂಡನ ಕಪ್ಪು ಅಂಗಿ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿದ್ದು ಆಮೇಲೆ ನೋಡಿದೆ. ಬ್ಯಾಡ್‌ಲ್ಯಾಂಡ್ಸ್ ಹತ್ತಿರ ಅವರಿಗೆ ತಲೆ ಸುತ್ತಿತು, ವಾಂತಿಯಾಯಿತು. ಅಲ್ಲಿ ಒಂದು ಮರ ಇಲ್ಲ, ನೆರಳಿಲ್ಲ. ಒಂದು ಮಣ್ಣಿನ ಗೋಡೆಯ ಬುಡದಲ್ಲಿ ಒಂದು ಅಡಿ ಅಗಲದ ನೆರಳಿತ್ತು, ಅದರಲ್ಲಿ ಅವರನ್ನು ಅಡ್ಡಾಗಿಸಿ ನನ್ನ ದುಪಟ್ಟಾ ಒದ್ದೆ ಮಾಡಿ ಹೊದಿಸಿದೆ. ಆ ದಾರಿಯಲ್ಲಿ ಬಂದ ದಂಪತಿ ನೀರು ಕೊಟ್ಟು, ಕೈಹಿಡಿದು ಕೆಳಗೆ ಇಳಿಸಿದರು. ಅವರು ಬರದೇ ಇದ್ದಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ಇಟ್ಟುಕೊಳ್ಳಿ ಅಂತ ಪಾರ್ಕಿನವರೇ ಹೇಳುತ್ತಾರೆ. ನಡಿಗೆಗೆ ಒಬ್ಬೊಬ್ಬರ ಬೆನ್ನ ಮೇಲೂ 2 ಲೀಟರ್ ಇರಲಿ, ಕಾರಿನಲ್ಲಿ ಬೇರೆ ಇರಲಿ. ಬರೀ ನೀರು ಕುಡಿದರೂ ಸಾಲದು. ಉಪ್ಪಿರುವ ತಿಂಡಿ ಏನಾದರೂ ಆಗಾಗ ಬಾಯಿಗೆ ಹಾಕಿಕೊಳ್ಳಿ. ಬಿಸಿಲುಗಾಲದಲ್ಲಿ ತಗ್ಗಿನ ಜಾಗಗಳಲ್ಲಿ ಬೆಳಿಗ್ಗೆ 10ರ ನಂತರ ನಡೆಯಲೇಬೇಡಿ ಅಂತ ಅಲ್ಲಿ ಬೋರ್ಡ್ ಇದೆ. ನಾವು ಅದನ್ನು ಓದಿಯೂ ಹೋದವರು.

ಹೊಸದಾರಿ · ಅಕ್ಟೋಬರ್ 10

ಬೆಳ್ಳಕ್ಕಿ ಅಕ್ಕ, ಓದುತ್ತಾ ಕೈ ತಣ್ಣಗಾಯಿತು. ನವೆಂಬರ್‌ನಲ್ಲೂ ಇಷ್ಟೇ ಅಪಾಯವಾ? ಮಗನನ್ನು ಕರೆದುಕೊಂಡು ಹೋಗುವುದು ಬೇಡವಾ?

ಒಣಹಳ್ಳ · ಅಕ್ಟೋಬರ್ 10

ಖಂಡಿತ ಕರೆದುಕೊಂಡು ಹೋಗಿ. ನವೆಂಬರ್ ಬೇರೆಯೇ ಲೋಕ. ಫರ್ನೇಸ್ ಕ್ರೀಕ್‌ನಲ್ಲಿ ಆ ತಿಂಗಳ ಸರಾಸರಿ ಹಗಲಿನ ತಾಪಮಾನ 25 ಡಿಗ್ರಿ ಸೆಲ್ಸಿಯಸ್, ರಾತ್ರಿ 9ರ ಹತ್ತಿರ. ಜುಲೈನಲ್ಲಿ ಅದೇ ಹಗಲು 47. ಜಗತ್ತಿನ ದಾಖಲೆಯ 56.7 ಡಿಗ್ರಿ ಅಳೆದಿದ್ದೂ ಇದೇ ಜಾಗದಲ್ಲಿ, 1913ರ ಜುಲೈ 10ರಂದು. ನವೆಂಬರ್‌ನಿಂದ ಮಾರ್ಚ್‌ವರೆಗೆ ನಡೆಯಲು ಹೇಳಿ ಮಾಡಿಸಿದ ಕಾಲ. ಆದರೆ ಬೆಳ್ಳಕ್ಕಿಯವರು ಹೇಳಿದ ಒಣ ಗಾಳಿ ಆಗಲೂ ಇರುತ್ತದೆ. ನೀರು ಕಡಿಮೆ ಮಾಡಬೇಡಿ.

ಸಂಜೆ ಹೊತ್ತಿನ ಲೆಕ್ಕ ಇಟ್ಟುಕೊಳ್ಳಿ. ನಾಲ್ಕೂವರೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಪಶ್ಚಿಮದ ಬೆಟ್ಟ ಎತ್ತರ ಇರುವುದರಿಂದ ನೆರಳು ಅದಕ್ಕೂ ಮುಂಚೆ ಬರುತ್ತದೆ.

ಒಂದು ಅಪಾಯ ಮಾತ್ರ ಯಾವ ತಿಂಗಳಲ್ಲೂ ತಪ್ಪಿದ್ದಲ್ಲ. ಮಳೆ. ಮೋಡ ಕಟ್ಟಿದ್ದರೆ ಕಣಿವೆಯೊಳಗೆ ಕಾಲಿಡಬೇಡಿ. ಎಲ್ಲೋ ಮೇಲೆ ಸುರಿದ ನೀರು ಇಲ್ಲಿ ಒಮ್ಮೆಲೇ ಬಂದು ಅಪ್ಪಳಿಸುತ್ತದೆ. ಗೋಲ್ಡನ್ ಕ್ಯಾನಿಯನ್ ಒಳಗೆ ಹಿಂದೆ ಕಾರು ಹೋಗುವ ಟಾರು ರಸ್ತೆ ಇತ್ತು. 1976ರ ಪ್ರವಾಹ ಅದನ್ನು ಕಿತ್ತು ಬಿಸಾಕಿತು. ಟಾರಿನ ತುಂಡುಗಳು ಇನ್ನೂ ಅಂಚಿನಲ್ಲಿ ಕಾಣುತ್ತವೆ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಮಳೆ ಒಂದೇ ದಿನ 56 ಮಿ.ಮೀ. ಸುರಿಯಿತು, ಅಂದರೆ ಸುಮಾರು ಒಂದು ವರ್ಷದ ಮಳೆ. ಸುಮಾರು ಎರಡು ತಿಂಗಳು ಪಾರ್ಕ್ ಮುಚ್ಚಿತ್ತು. ಹೊರಡುವ ಹಿಂದಿನ ದಿನ ರಸ್ತೆಗಳ ಸ್ಥಿತಿ ಪಾರ್ಕಿನ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಕಲ್ಲುಪದರ · ಅಕ್ಟೋಬರ್ 11

ಭೂವಿಜ್ಞಾನ ಓದಿದವನು ನಾನು. ಈ ದಾರಿ ಬಗ್ಗೆ ಮಾತು ಬಂದರೆ ಸುಮ್ಮನಿರುವುದಕ್ಕೆ ಆಗುವುದಿಲ್ಲ. ಮಗ ಜೊತೆಗಿದ್ದಾನೆ ಅಂದಿರಿ, ಅವನಿಗೆ ಇದನ್ನು ತೋರಿಸಿ.

ನೀವು ನಡೆಯುವ ಹಳದಿ ಗುಡ್ಡಗಳೆಲ್ಲ ಒಂದು ಕಾಲದ ಕೆರೆಯ ತಳ. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲಿ ದೊಡ್ಡ ಸರೋವರ ಇತ್ತು. ಬೆಟ್ಟಗಳಿಂದ ಬಂದ ಕೆಸರು, ಜ್ವಾಲಾಮುಖಿಯ ಬೂದಿ ತಳದಲ್ಲಿ ಪದರ ಪದರವಾಗಿ ಕೂತಿತು. ಆಮೇಲೆ ನೆಲ ಬಿರಿದು, ವಾಲಿ, ಆ ಪದರಗಳು ಎದ್ದು ನಿಂತವು. ಕೆರೆಯ ತಳ ಇಲ್ಲಿ ಗೋಡೆಯಾಗಿದೆ!

ಕಣಿವೆಯ ಗೋಡೆಗಳ ಮೇಲೆ ಕಣ್ಣಿಟ್ಟು ನಡೆಯಿರಿ. ಕೆಲವು ಕಡೆ ನೀರಿನ ಅಲೆ ಮೂಡಿಸಿದ ಸಣ್ಣ ಸಣ್ಣ ಏರಿಳಿತ ಕಲ್ಲಾಗಿ ಉಳಿದಿದೆ. ಕೆರೆಯ ದಡದ ಕೆಸರಲ್ಲಿ ಕಾಣುತ್ತದಲ್ಲ, ಅದೇ ಥರ. ಬೆಳಕು ಓರೆಯಾಗಿ ಬಿದ್ದಾಗ ಚೆನ್ನಾಗಿ ಕಾಣುತ್ತದೆ, ಅದಕ್ಕೂ ಬೆಳಿಗ್ಗೆಯೇ ಒಳ್ಳೆಯದು. ರೆಡ್ ಕತೀಡ್ರಲ್ ಕೆಂಪಾಗಿರುವುದು ಕಲ್ಲಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದು.

ಇನ್ನು ಗವರ್ ಗಲ್ಚ್ ಕಥೆ. ಅದು ಮೊದಲು ಬಡಪಾಯಿ ಹಳ್ಳ. 1941ರಲ್ಲಿ ಫರ್ನೇಸ್ ಕ್ರೀಕ್ ಊರಿಗೆ ಪ್ರವಾಹ ಬರಬಾರದು ಅಂತ, ಜಬ್ರಿಸ್ಕಿ ಹತ್ತಿರ ದೊಡ್ಡ ಹಳ್ಳದ ನೀರನ್ನು ಇದಕ್ಕೆ ತಿರುಗಿಸಿದರು. ಇದ್ದಕ್ಕಿದ್ದ ಹಾಗೆ ಅಷ್ಟೊಂದು ನೀರು ಬಂದ ಮೇಲೆ ಹಳ್ಳ ತನ್ನ ತಳವನ್ನು ತಾನೇ ಕೊರೆಯತೊಡಗಿತು, ಈಗಲೂ ಕೊರೆಯುತ್ತಿದೆ. ಒಂದು ಹಳ್ಳದ ದಾರಿ ತಪ್ಪಿಸಿದರೆ ನೆಲ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಾಠಶಾಲೆ ನಾನು ಕಂಡಿಲ್ಲ. ಎರಡೂ ಕಣಿವೆ ಒಂದೇ ದಿನ ನಡೆದರೆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಅಲ್ಲಿನ ಗೋಡೆಗಳಲ್ಲಿ ಬಿಳಿ ಎಳೆಗಳು ಕಾಣುತ್ತವೆ. ಬೋರಾಕ್ಸ್ ಅನ್ನುವ ಖನಿಜ ಹುಡುಕಿದವರು ತೋಡಿದ ಹಳೆಯ ಸುರಂಗದ ಬಾಯಿಗಳೂ ಇವೆ. ಒಳಗೆ ಹೋಗಬೇಡಿ. ಜಬ್ರಿಸ್ಕಿ ಅನ್ನುವುದೂ ಬೋರಾಕ್ಸ್ ಕಂಪನಿಯ ಒಬ್ಬ ಅಧಿಕಾರಿಯ ಹೆಸರೇ.

ಸಂಜೆಗೆಂಪು · ಅಕ್ಟೋಬರ್ 11

ನಾನು ಆರು ಸಲ ಅಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದೇನೆ, ಆ ಅಲೆಯ ಗುರುತು ಒಮ್ಮೆಯೂ ನೋಡಿಲ್ಲ. ಮುಂದಿನ ಸಲ ಬರೀ ಅದಕ್ಕೋಸ್ಕರ ಹೋಗುತ್ತೇನೆ.

ಹೊಸದಾರಿಯವರೇ, ಮ್ಯಾನ್ಲಿ ಬೀಕನ್ ಬಗ್ಗೆ ಒಂದು ಮಾತು. 1849ರಲ್ಲಿ ಚಿನ್ನದ ಆಸೆಗೆ ಹೊರಟ ಗುಂಪೊಂದು ಈ ಕಣಿವೆಯಲ್ಲಿ ಸಿಕ್ಕಿಹಾಕಿಕೊಂಡಿತು. ಅವರಲ್ಲಿ ವಿಲಿಯಂ ಮ್ಯಾನ್ಲಿ, ಜಾನ್ ರಾಜರ್ಸ್ ಇಬ್ಬರೂ ನಡೆದೇ ಹೊರಗೆ ಹೋಗಿ, ಊಟ, ಒಂದು ಹೇಸರಗತ್ತೆ ತಂದು, ಕಾಯುತ್ತಿದ್ದ ಮಕ್ಕಳು ಮರಿಗಳನ್ನು ಪಾರು ಮಾಡಿದರು. ಆ ಚೂಪು ಶಿಖರಕ್ಕೆ ಅವನದೇ ಹೆಸರು. ಅದರ ಬುಡದಲ್ಲಿ ನಿಂತಾಗ ಮಗನಿಗೆ ಹೇಳಿ. ಹೊರಗಿನವರಿಗೆ ಅದು ಸಾವಿನ ಕಣಿವೆ. ಟಿಂಬಿಶಾ ಶೋಶೋನಿ ಜನ ಎಷ್ಟೋ ತಲೆಮಾರಿನಿಂದ ಅಲ್ಲೇ ಬದುಕಿದವರು, ಇವತ್ತಿಗೂ ಫರ್ನೇಸ್ ಕ್ರೀಕ್‌ನಲ್ಲಿ ಅವರ ಊರಿದೆ. ಅದನ್ನೂ ಹೇಳಿ.

ಹೊಸದಾರಿ · ಅಕ್ಟೋಬರ್ 12

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಮನೆಯಲ್ಲಿ ಕೂತು ಪಟ್ಟಿ ಕತ್ತರಿಸಿದೆವು. ಮೊದಲ ದಿನ ಸಂಜೆ ಮೆಸ್ಕೀಟ್ ಮರಳುದಿಬ್ಬ. ಎರಡನೇ ದಿನ ಬೆಳಿಗ್ಗೆ ಜಬ್ರಿಸ್ಕಿ, ಅಲ್ಲಿಂದ ನೇರ ಗೋಲ್ಡನ್ ಕ್ಯಾನಿಯನ್. ಮಧ್ಯಾಹ್ನ ವಿಶ್ರಾಂತಿ, ಸಂಜೆ ಆರ್ಟಿಸ್ಟ್ಸ್ ಪ್ಯಾಲೆಟ್. ಮೂರನೇ ದಿನ ಬ್ಯಾಡ್‌ವಾಟರ್. ಡಾಂಟೆಸ್ ವ್ಯೂ ಕೂಡ ಬಿಟ್ಟೆವು. ರೇಸ್‌ಟ್ರ್ಯಾಕ್ ಇಲ್ಲ ಅಂದಾಗ ಮಗನ ಮುಖ ಸಣ್ಣದಾಯಿತು. ಅಲೆಯ ಗುರುತು ಹುಡುಕುವ ಕೆಲಸ ಕೊಟ್ಟಿದ್ದೇನೆ.

ನೂರುಮೈಲಿ · ಅಕ್ಟೋಬರ್ 12

ಒಳ್ಳೆ ಪ್ಲಾನ್. ಒಂದೆರಡು ಸಣ್ಣ ವಿಷಯ. ಪಾರ್ಕ್ ಶುಲ್ಕ ಕಾರಿಗೆ 30 ಡಾಲರ್, 7 ದಿನ ನಡೆಯುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಇರಲಿ. ಪೆಟ್ರೋಲ್ ಒಳಗೆ ದುಬಾರಿ, ವೇಗಸ್‌ನಿಂದ ಬರುವ ದಾರಿಯ ಪರಂಪ್ ಊರಿನಲ್ಲೇ ಟ್ಯಾಂಕ್ ತುಂಬಿಸಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಹೊಸದಾರಿ · ನವೆಂಬರ್ 21

ಹೋಗಿ ಬಂದೆವು! ನಿಮಗೆಲ್ಲ ವರದಿ ಒಪ್ಪಿಸದೆ ಇರುವುದು ಹೇಗೆ.

ಜಬ್ರಿಸ್ಕಿಯಲ್ಲಿ ಸಂಜೆಗೆಂಪು ಅವರು ಹೇಳಿದ ಹಾಗೇ ಇಪ್ಪತ್ತು ನಿಮಿಷ ಹೆಚ್ಚಿಗೆ ನಿಂತೆವು. ಜನ ಖಾಲಿಯಾದ ಮೇಲೆ ಗುಡ್ಡಗಳು ಬೂದಿ ಬಣ್ಣದಿಂದ ಬೆಣ್ಣೆ ಬಣ್ಣಕ್ಕೆ, ಆಮೇಲೆ ಅರಿಶಿನಕ್ಕೆ ತಿರುಗಿದವು. ಏಳೂವರೆಗೆ ಗೋಲ್ಡನ್ ಕ್ಯಾನಿಯನ್ ಬಾಯಲ್ಲಿದ್ದೆವು. ಪಾರ್ಕಿಂಗ್‌ನಲ್ಲಿ ಆರೇಳು ಕಾರು ಅಷ್ಟೇ.

ಒಳಗೆ ಹತ್ತು ನಿಮಿಷ ನಡೆದಿರಬಹುದು. ಗೋಡೆಗಳು ಎರಡೂ ಕಡೆ ಮೇಲೆದ್ದವು, ರಸ್ತೆಯ ಸದ್ದು ನಿಂತುಹೋಯಿತು. ಅಂಥ ಮೌನ ನಾನು ಕೇಳಿರಲಿಲ್ಲ. ಜಲ್ಲಿ ಮೇಲೆ ನಮ್ಮ ಬೂಟಿನ ಸದ್ದು ಬಿಟ್ಟರೆ ಏನೂ ಇಲ್ಲ. ನಿಂತರೆ ಅದೂ ಇಲ್ಲ. ಕಿವಿಯೊಳಗೆ ನನ್ನ ರಕ್ತ ಹರಿಯುವುದೇ ಕೇಳಿಸುತ್ತಿತ್ತು.

ಅಲೆಯ ಗುರುತು ಸಿಕ್ಕಿತು! ಕಂಡುಹಿಡಿದಿದ್ದು ಮಗನಲ್ಲ, ಅತ್ತೆ. ಎಡಗಡೆ ಗೋಡೆ ಮೇಲೆ, ಒಂದು ಚಾಪೆಯಷ್ಟು ಅಗಲ. ಬೆರಳಿನ ದಪ್ಪದ ಸಾಲುಗಳು, ಒಂದರ ಪಕ್ಕ ಒಂದು. ಮಗ ಅಂಗೈ ಇಟ್ಟು ನಿಧಾನಕ್ಕೆ ಸವರಿದ. ತಣ್ಣಗಿದೆ ಅಂದ. ಆಮೇಲೆ ಕಿವಿ ಇಟ್ಟು ನೋಡಿದ. ಕಾಲ ಬುಡದಲ್ಲಿ ಹಿಂದಿನ ಮಳೆಯ ಕೆಸರು ಒಣಗಿ, ಅಂಚು ಮೇಲಕ್ಕೆ ಸುರುಳಿಯಾಗಿ, ಮುರಿದ ಹಪ್ಪಳದ ಹಾಗೆ ಬಿದ್ದಿತ್ತು. ಕಲ್ಲುಪದರ ಸರ್, ಹೊಸ ಕೆಸರು ಕೆಳಗೆ, ಹಳೇ ಕೆಸರು ಗೋಡೆಯಲ್ಲಿ, ಎರಡೂ ಒಂದೇ ಕಡೆ ನೋಡಿದೆವು.

ಕವಲಿನ ಹತ್ತಿರ ಅತ್ತೆ ಒಂದು ಬಂಡೆ ಮೇಲೆ ಕೂತರು. ರೆಡ್ ಕತೀಡ್ರಲ್ ಅಲ್ಲಿಂದಲೇ ಕಾಣುತ್ತದೆ. ಮುಂದೆ ಬರುವುದಿಲ್ಲ, ಇಲ್ಲೇ ಸ್ವಲ್ಪ ಹೊತ್ತು ಕೂರುತ್ತೇನೆ ಅಂದರು. ಅವರಿಗೆ ಬೇಜಾರಾಯಿತೇನೋ ಅಂತ ನನಗೆ ಅಳುಕು. ನಾನು ಮತ್ತು ಮಗ ಬಲಕ್ಕೆ ತಿರುಗಿದೆವು.

ಮ್ಯಾನ್ಲಿ ಬೀಕನ್ ಬುಡದ ದಾರಿ ಕಿರಿದು, ಒಂದು ಕಡೆ ಜಾರು. ಮಗನನ್ನು ಗೋಡೆ ಕಡೆಗೆ ಹಾಕಿಕೊಂಡು ನಡೆದೆ. ಆಚೆ ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಒಂದು ತಪ್ಪು ಮಾಡಿದೆವು. ಹೆಜ್ಜೆ ಗುರುತು ನಂಬಿ ಒಂದು ಸಣ್ಣ ಹಳ್ಳಕ್ಕೆ ಇಳಿದೆವು, ಅದು ಮುಂದೆ ಮುಚ್ಚಿಹೋಗಿತ್ತು. ಯಾರೋ ನಮ್ಮ ಹಾಗೇ ತಪ್ಪಿ ಹೋಗಿದ್ದವರ ಗುರುತು. ಹದಿನೈದು ನಿಮಿಷ ವಾಪಸ್ ಬಂದು ದಾರಿಯ ಕಂಬ ಹುಡುಕಿದೆವು. ಎಲ್ಲ ಗುಡ್ಡ ಒಂದೇ ಥರ ಕಾಣುತ್ತದೆ. ಮುಂದೆ ಹೋಗುವವರು ಒಂದು ಕಂಬದಿಂದ ಇನ್ನೊಂದು ಕಂಬ ಕಂಡ ಮೇಲೇ ಹೆಜ್ಜೆ ಇಡಿ.

ಗವರ್ ಗಲ್ಚ್ ನಿಜಕ್ಕೂ ಬೇರೆ. ಅಗಲ, ಬೂದು ಬಣ್ಣದ ಜಲ್ಲಿ, ಗೋಡೆ ಬುಡ ಹೊಸದಾಗಿ ಕೊರೆದ ಹಾಗೆ. ಕೊನೆಯಲ್ಲಿ ನೀರಿಲ್ಲದ ಜಲಪಾತ. ಅದರ ಅಂಚಿಗೆ ಹೋಗದೆ ಬಲಗಡೆ ಗುಡ್ಡದ ಮೈಮೇಲಿನ ಕಾಲುದಾರಿ ಹಿಡಿದರೆ ಕೆಳಗೆ ಬರುತ್ತದೆ. ಅಲ್ಲಿ ಇಡೀ ಕಣಿವೆ ಒಮ್ಮೆಲೇ ತೆರೆದುಕೊಂಡಿತು. ಉಪ್ಪಿನ ಬಯಲು ಬೆಳ್ಳಗೆ, ಅದರಾಚೆ ನೀಲಿ ಬೆಟ್ಟ. ಮಗ ಮಾತೇ ಆಡಲಿಲ್ಲ. ಅವನು ಐದು ನಿಮಿಷ ಸುಮ್ಮನಿದ್ದಿದ್ದು ನಾನು ನೋಡಿದ್ದು ಅದೇ ಮೊದಲು.

ಕಾರಿಗೆ ಬಂದಾಗ ಹನ್ನೊಂದೂಕಾಲು. ನನ್ನ ಎರಡು ಲೀಟರ್‌ನಲ್ಲಿ ಒಂದು ಲೋಟದಷ್ಟು ಉಳಿದಿತ್ತು. ಬೆಳ್ಳಕ್ಕಿ ಅಕ್ಕ, ನಿಮ್ಮನ್ನು ನೆನೆಸಿಕೊಂಡೆ. ಆವತ್ತು ಬರೀ 24 ಡಿಗ್ರಿ ಇತ್ತು!

ಅತ್ತೆ, ಇವರು ನಮಗಿಂತ ಸ್ವಲ್ಪ ಮುಂಚೆ ಬಂದಿದ್ದರಂತೆ. ಬಂಡೆ ಮೇಲೆ ಒಂದೂವರೆ ಗಂಟೆ ಕೂತಿದ್ದರಂತೆ. ಗೋಡೆ ಮೇಲಿನ ನೆರಳು ಇಳಿಯುತ್ತಾ ಇಳಿಯುತ್ತಾ ತಮ್ಮ ಕಾಲಿನವರೆಗೆ ಬಂದು, ಬಿಸಿಲು ಪಾದಕ್ಕೆ ತಾಗಿದಾಗ ಎದ್ದರಂತೆ. ನಾಳೆಯೂ ಅಲ್ಲಿಗೇ ಹೋಗೋಣ ಅಂದರು. ಹೋದೆವು. ಬ್ಯಾಡ್‌ವಾಟರ್‌ಗೆ ಅರ್ಧ ಗಂಟೆ ಕೊಟ್ಟು, ಉಳಿದ ಬೆಳಿಗ್ಗೆಯೆಲ್ಲ ಅದೇ ಬಂಡೆ.

ಬೆಳ್ಳಕ್ಕಿ · ನವೆಂಬರ್ 21

ಓದಿ ಕಣ್ಣು ತುಂಬಿ ಬಂತು. ನಾವು ಮತ್ತೆ ಅಲ್ಲಿಗೆ ಹೋಗಿರಲೇ ಇಲ್ಲ, ಧೈರ್ಯ ಬಂದಿರಲಿಲ್ಲ. ಫೆಬ್ರವರಿಯಲ್ಲಿ ಹೋಗೋಣವಾ ಅಂತ ಇವರನ್ನು ಕೇಳಿದೆ, ಹೂಂ ಅಂದಿದ್ದಾರೆ. ಅತ್ತೆಯವರ ಬಂಡೆ ಯಾವ ಕಡೆ ಬರುತ್ತದೆ?

ಹೊಸದಾರಿ · ನವೆಂಬರ್ 22

ಕವಲಿನ ಕಂಬಕ್ಕೆ ಇಪ್ಪತ್ತು ಹೆಜ್ಜೆ ಮುಂಚೆ, ಬಲಗಡೆ. ಕುರ್ಚಿ ಥರ ಒರಗಿಕೊಳ್ಳುವುದಕ್ಕೆ ಆಗುತ್ತದೆ. ಎಂಟು ಗಂಟೆಯೊಳಗೆ ಹೋಗಿ ಅಕ್ಕ, ಆಗ ಅದು ಪೂರ್ತಿ ನೆರಳಿನಲ್ಲಿರುತ್ತದೆ. ಕಲ್ಲು ಕೊರೆಯುತ್ತದೆ, ಕೂರಲು ಒಂದು ದಪ್ಪ ಟವೆಲ್ ತೆಗೆದುಕೊಂಡು ಹೋಗಿ.